ಕೆಡದೆ ನಿಂತ ಲಾರಿ

ನಿಜಾಮನ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಮೇಲೆ ನಮ್ಮಂಥ ಲಾರಿ ಡ್ರೈವರುಗಳಿಗೂ ಒಂದು ಕಾಯ್ದೆ ಬಂತು. ಐದು ತಾಸು ಲಾರಿ ಹೊಡೆದರೆ ಅರ್ಧ ತಾಸು ನಿಲ್ಲಿಸಿ ಉಣ್ಣಬೇಕು, ದಣಿವಾರಿಸಿಕೊಳ್ಳಬೇಕು. ಹೇಳಲು ಎಷ್ಟು ಸಲೀಸು! ಕಾಯ್ದೆ ಬರೆದವರು ಒಮ್ಮೆ ಹುಣಸಗಿ, ಸುರಪುರ ಸುತ್ತಿ, ಯಾದಗಿರಿ ಸ್ಟೇಷನ್ನಿಗೆ ಶೇಂಗಾ ಚೀಲ ಹೇರಿಕೊಂಡು ಹೊರಟು, ನಡುದಾರಿಯಲ್ಲಿ ಉಂಡು ತೋರಿಸಬೇಕಿತ್ತು.

"ಕುಂತು ಮಾಡೋ ಕೆಲಸಕ್ಕ ಮತ್ತ ಕುಂದ್ರಾಕ ರಜಾ ಬೇಕೇನೋ?" ಎಂದು ಲಾರಿಯ ಮಾಲೀಕ ಸಾಹುಕಾರ ನಕ್ಕ. ನಾನು ಬಿಡಲಿಲ್ಲ. ನನಗಿಂತ ಮೊದಲು ಬೇರೊಬ್ಬರ ಲಾರಿ ಹೊಡೆಯುತ್ತಿದ್ದ ನನ್ನಣ್ಣ ಊಟ, ನಿದ್ದೆ ಇಲ್ಲದೆ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿ, ಲಾರಿ ಸಮೇತ ಹಳ್ಳಕ್ಕೆ ಬಿದ್ದು ಸತ್ತಿದ್ದ. "ನಿದ್ದಿ ಬಂದ್ರ ನಿಲ್ಲಸ್ತೀನಿ ಅಂತ ನನ್ನ ತಲಿ ಮುಟ್ಟಿ ಹೇಳು, ಆಮ್ಯಾಲ ಹೋಗು," ಎಂದು ಅವ್ವ ಆಣೆ ಮಾಡಿಸಿಯೇ ನನ್ನನ್ನು ಕಳಿಸುತ್ತಿದ್ದಳು.

ನಿಲ್ಲಿಸಲು ನಾನು ತಯಾರು, ಜನ ನಿಲ್ಲಗೊಡಬೇಕಲ್ಲ! ನಮ್ಮ ಕಡೆ ಲಾರಿ ನಿಂತಿತೆಂದರೆ ಕೆಟ್ಟಿತೆಂದೇ ಅರ್ಥ. ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಷ್ಟರಲ್ಲಿ ಹೊಲದವರು ಉಳುತ್ತಿದ್ದ ಗಳೆ ನಿಲ್ಲಿಸಿ ಬಂದುಬಿಡುತ್ತಿದ್ದರು.

"ಏನ್ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ರಿ. ಉಣ್ಣಾಕತ್ತೇನಿ."

"ನಾಚಬ್ಯಾಡ್ರಿ, ನಾವು ನೂಕತೀವಿ."

ಒಬ್ಬ ಟೈರು ಒದ್ದು ನೋಡುವವ, ಇನ್ನೊಬ್ಬ ಇಂಜಿನ್ನಿಗೆಂದು ಕೊಡದಲ್ಲಿ ನೀರು ಹೊತ್ತು ತರುವವ. ಬಂದವರಿಗೆ "ಬರ್ರಿ, ಊಟ ಮಾಡೂಣು" ಅನ್ನದೆ ತುತ್ತು ಎತ್ತುವುದುಂಟೆ? ಅನ್ನುತ್ತಿದ್ದೆ. ಪುಣ್ಯಾತ್ಮರು ಕುಂತೇಬಿಡುತ್ತಿದ್ದರು. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಚೂರು ರೊಟ್ಟಿ, ಚಿಟಿಕೆ ಶೇಂಗಾ ಚಟ್ನಿಪುಡಿ. ಥೂ, ಇದಕ್ಕಿಂತ ಲಾರಿ ಖರೇನೇ ಕೆಟ್ಟು ನಿಲ್ಲಲಿ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಕಣ್ಣು ಎಳೆಯುತ್ತಿದ್ದವು. ನಮ್ಮ ಮನೆಯಿದ್ದ ಶಹಾಪುರ ದಾಟಿದ ಕೂಡಲೇ ಲಾರಿ ನಿಲ್ಲಿಸಿ, ಯಾರಿಗೂ ಕಾಣದಂತೆ ಅದರ ಕೆಳಗೇ ತೂರಿಕೊಂಡು, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದೆ. ಸೈಕಲ್ಲಿನವನೊಬ್ಬ ಬಂದು ಕರೆದ. ಓಗೊಟ್ಟರೆ ಮತ್ತೆ ಅದೇ ಪುರಾಣ ಎಂದು ಸುಮ್ಮನಿದ್ದೆ. ಮತ್ತೆ ಕರೆದ, ಕಾಲು ಅಲುಗಿಸಿದ. ನಾನು ಮಿಸುಕಲಿಲ್ಲ. ಅವನು ಹೋದ. ಪೀಡೆ ತೊಲಗಿತೆಂದುಕೊಂಡೆ, ಜೋಂಪು ಹತ್ತಿತು.

ಎಚ್ಚರವಾದದ್ದು ಅಳುವ ಸದ್ದಿಗೆ. ಗಡಬಡಿಸಿ ಹೊರಬಂದರೆ ಅವ್ವ! ಬರಿಗಾಲು, ಕೈಗೆಲ್ಲ ಜೋಳದ ಹಿಟ್ಟು. ಆ ಸೈಕಲ್ಲಿನವ ಲಾರಿಯ ಗುರುತು ಹಿಡಿದು ನೆಟ್ಟಗೆ ನಮ್ಮ ಓಣಿಗೇ ಹೋಗಿ, "ನಿನ್ನ ಮಗ ಲಾರಿ ಕೆಳಗ ಬಿದ್ದಾನ, ಎಷ್ಟು ಕರದ್ರೂ ಓಗೊಡವಲ್ಲ" ಎಂದು ಹೇಳಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಮುಖ, ಎದೆ, ಮೊಣಕಾಲು ತಡವಿ ತಡವಿ ನೋಡಿದಳು.

ನನಗೆ ತಡೆಯಲಾರದ ಸಿಟ್ಟು ಬಂತು. "ಒಂದೀಟು ನಿದ್ದಿ ಮಾಡಾಕೂ ಬಿಡೂದಿಲ್ಲೇನು ಈ ಮಂದಿ? ನನಗೇನೂ ಆಗಿಲ್ಲ ಯವ್ವಾ! ಕಾಯ್ದೇನ ಐತಿ. ಗಾಡಿ ನಿಲ್ಲಿಸಿ ದಣಿವು ಆರಿಸ್ಕೊ ಅಂತ ಸರಕಾರನ ಹೇಳೇತಿ!"

ಅವ್ವ ಗಾಲಿಗೆ ಒರಗಿ ಕುಸಿದು ಕೂತಳು. ಏದುಸಿರು ಇನ್ನೂ ನಿಂತಿರಲಿಲ್ಲ.

"ಸರಕಾರ ಹೇಳೇತೇನು?"

"ಹೂಂ."

ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು.

"ನಿಮ್ಮಣ್ಣ ಇದ್ದಾಗ ಯಾಕ ಹೇಳಲಿಲ್ಲಪ್ಪಾ?"