ತನ್ನನ್ನೇ ಒಳಗೆ ಬಿಡದ ದ್ವಾರಪಾಲಕ

ಕೋಟೆಯ ಬಾಗಿಲು ಕಾದ ವೀರರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಒಬ್ಬ ಆನೆಗಳನ್ನು ತಡೆದ, ಇನ್ನೊಬ್ಬ ಕುದುರೆ ದಂಡನ್ನೇ ತಡೆದ. ಆದರೆ ತನ್ನನ್ನು ತಾನೇ ತಡೆದ ವೀರ ಇಡೀ ಭೂಮಂಡಲದಲ್ಲಿ ಒಬ್ಬನೇ. ಅವನು ಸ್ಕೀವ ಪಟ್ಟಣದಲ್ಲಿ, ಕಡಲು ನೆಲದೊಳಕ್ಕೆ ಚಾಚಿದ ಫ್ಯೋರ್ಡಿನ ದಂಡೆಯಲ್ಲಿ, ನಮ್ಮ ಕಾರ್ಖಾನೆಯ ಸ್ವಾಗತದ ಮೇಜಿನ ಹಿಂದೆ ಕೂರುವ ಟೋರ್ಕಿಲ್ ಬುಂಡ್‌ಗೋರ್.

ಆ ಮಹಾಯುದ್ಧ ನಡೆದದ್ದು ಒಂದು ಫೆಬ್ರವರಿ ಬೆಳಿಗ್ಗೆ. ಸೈಕಲ್ಲಿನಿಂದ ಇಳಿದ ಟೋರ್ಕಿಲ್ ಜೇಬು ತಡಕಿದ. ಗುರುತಿನ ಕಾರ್ಡು ಮನೆಯಲ್ಲಿ, ಇನ್ನೊಂದು ಕೋಟಿನೊಳಗೆ ಉಳಿದಿತ್ತು. ಇಡೀ ಕಾರ್ಖಾನೆಯ ಬೀಗದ ಕೈಗಳು ಅವನ ಸೊಂಟದಲ್ಲೇ ತೂಗಾಡುತ್ತಿದ್ದವು. ಆದರೂ ಅವನು ಬಾಗಿಲು ತೆಗೆಯಲಿಲ್ಲ. ಉತ್ತರದ ಗಾಳಿಗೆ ಮೀಸೆ ಬೆಳ್ಳಗೆ ಹೆಪ್ಪುಗಟ್ಟುವವರೆಗೂ ಹೊರಗೆ ನಿಂತೇ ಇದ್ದ. ಕೊನೆಗೆ ಲೆಕ್ಕಪತ್ರ ವಿಭಾಗದ ಬೊಡಿಲ್ ಬಂದಳು.

"ಏನೋ ಇದು, ಬಾಗಿಲು ಕೆಟ್ಟಿದೆಯಾ?"

"ಬಾಗಿಲು ಚೆನ್ನಾಗೇ ಇದೆ. ನನ್ನ ಹತ್ರ ಕಾರ್ಡಿಲ್ಲ."

"ಕಾರ್ಡ್ ನೋಡೋನು ನೀನೇ ತಾನೆ, ಮಾರಾಯ?"

"ಅದಕ್ಕೇ ಬಿಡ್ತಾ ಇಲ್ಲ."

ಬೊಡಿಲ್ ತನ್ನ ಅತಿಥಿಯೆಂದು ಹೇಳಿ ಅವನನ್ನು ಒಳಗೆ ಕರೆದುಕೊಂಡಳು. ಟೋರ್ಕಿಲ್ ತನ್ನ ಮೇಜಿನ ಮುಂದೆ ನಿಂತು, ಆ ಕಡೆಯಿಂದ ಈ ಕಡೆಗೆ ಬಾಗಿ, ತನಗೆ ತಾನೇ ಅತಿಥಿಗಳ ಕೆಂಪು ಬಿಲ್ಲೆ ಕೊಟ್ಟುಕೊಂಡ. ದಿನವಿಡೀ ಅದನ್ನು ಎದೆಗೆ ಸಿಕ್ಕಿಸಿಕೊಂಡೇ ಕೆಲಸ ಮಾಡಿದ. ಅತಿಥಿಗಳು ಒಬ್ಬರೇ ಓಡಾಡಬಾರದೆಂಬ ನಿಯಮವಿದ್ದದ್ದರಿಂದ ಶೌಚಾಲಯಕ್ಕೆ ಹೋಗುವಾಗಲೂ ಬೊಡಿಲ್‌ಗೆ ಫೋನು ಮಾಡಿದ. ಅವಳು ಏನೆಂದಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಇದು ಅವನ ಕೀರ್ತಿಯ ಒಂದು ಮುಖ ಮಾತ್ರ. ಇನ್ನೊಂದು ಮುಖದ ತುಂಬ ಕೇಕಿನ ಚೂರು ಮೆತ್ತಿಕೊಂಡಿತ್ತು.

ನಮ್ಮಲ್ಲಿ ಯಾರಾದರೂ ಕಂಪ್ಯೂಟರಿಗೆ ಬೀಗ ಹಾಕದೆ ಎದ್ದುಹೋದರೆ ಅದಕ್ಕೊಂದು ಶಿಕ್ಷೆಯಿದೆ. ಕಂಡವರು ಆ ಖಾಲಿ ಕುರ್ಚಿಯಲ್ಲಿ ಕೂತು, ಎದ್ದುಹೋದವರ ಹೆಸರಿನಲ್ಲೇ ಎಲ್ಲರಿಗೂ ಮೇಲ್ ಕಳಿಸುತ್ತಾರೆ: 'ನಾಳೆ ನಾನು ಕೇಕ್ ತರುತ್ತೇನೆ.' ಆಮೇಲೆ ವಾದವಿಲ್ಲ, ಮೇಲ್ಮನವಿಯಿಲ್ಲ. ಮಾರನೇ ದಿನ ಅಪರಾಧಿ ತಲೆ ತಗ್ಗಿಸಿ ಕೇಕ್ ತಂದಿಡಬೇಕು. ಕಂಪ್ಯೂಟರ್ ವಿಭಾಗದ ಅಸ್ಗರ್ ಭದ್ರತೆಯ ಮೇಲೆ ಎಷ್ಟೋ ಭಾಷಣ ಮಾಡಿ ಸೋತಿದ್ದ. ಈ ಕೇಕ್ ಶಾಸನವೇ ನಮ್ಮನ್ನು ದಾರಿಗೆ ತಂದದ್ದು.

ಈ ಶಾಸನದ ಮಹಾಬೇಟೆಗಾರ ಟೋರ್ಕಿಲ್. ಅವನು ಟಪಾಲಿನ ಗಾಡಿ ತಳ್ಳಿಕೊಂಡು ಪಡಸಾಲೆಗೆ ಬಂದನೆಂದರೆ ಅವನ ಮುಂದೆ ಮುಂದೆ ಕಂಪ್ಯೂಟರುಗಳಿಗೆ ಬೀಗ ಬೀಳುವ ಸದ್ದು ಆಲಿಕಲ್ಲಿನಂತೆ ಕೇಳುತ್ತಿತ್ತು. ವ್ಯವಸ್ಥಾಪಕಿ ಸೋಲ್ವೈಯೇ ಅವನ ಬಲೆಗೆ ಬಿದ್ದು ತೆಂಗಿನ ತುರಿ ಹಾಕಿದ, ಇಲ್ಲಿನವರು 'ಕನಸಿನ ಕೇಕ್' ಎನ್ನುವ ಕೇಕ್ ಮಾಡಿಕೊಂಡು ಬಂದಿದ್ದಳು. ಗಾಳದ ಕಡ್ಡಿಯಂತಿದ್ದ ಟೋರ್ಕಿಲ್‌ನ ಮೈಯಲ್ಲಿ ಅಷ್ಟೆಲ್ಲ ಕೇಕು ಎಲ್ಲಿ ಹೋಗಿ ಸೇರುತ್ತಿತ್ತೋ ಆ ದೇವರಿಗೇ ಗೊತ್ತು.

ಇಂಥ ಸಾಮ್ರಾಜ್ಯಕ್ಕೆ ಗಂಡಾಂತರ ಬಂದದ್ದು ಪಾಲುದಾರಿಕೆಯ ರೂಪದಲ್ಲಿ. ನಾವು ಬೆಣ್ಣೆ ಸುತ್ತುವ ಯಂತ್ರ ಮಾಡುವವರು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಬೆಣ್ಣೆ ಸುತ್ತುವ ಕಾಗದ ಮಾಡುವವರಿದ್ದಾರೆ. ಜಾತಕ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಒಪ್ಪಂದಕ್ಕೆ ಸಹಿಯೊಂದೇ ಬಾಕಿ. ಆಗ ಸೋಲ್ವೈ ಟೋರ್ಕಿಲ್‌ನನ್ನು ಕರೆದಳು.

"ಟೋರ್ಕಿಲ್, ಇನ್ಮೇಲೆ ಸ್ವಾಗತದ ಮೇಜಲ್ಲಿ ಇಂಗ್ಲಿಷ್ ಬೇಕಾಗುತ್ತೆ. ಬುಧವಾರದ ಪಾಠಕ್ಕೆ ಹೋಗು. ಡಂಡೀಯವರು ಬಂದ ದಿನ ಅವರ ಹತ್ರ ಸರಿಯಾಗಿ ಮಾತಾಡಿದ್ರೆ ಕುರ್ಚಿ ನಿಂದೇ."

"ಆಡದಿದ್ರೆ?"

"ಕೆಳಗಿನ ಉಗ್ರಾಣದಲ್ಲಿ ಬಿಡಿಭಾಗ ನೋಡ್ಕೊಳ್ಳೋಕೆ ಒಬ್ಬರು ಬೇಕು."

ಉಗ್ರಾಣವೆಂದರೆ ನೆಲಮಾಳಿಗೆ. ಅಲ್ಲಿ ಕಿಟಕಿಯಿಲ್ಲ, ಫ್ಯೋರ್ಡ್ ಕಾಣುವುದಿಲ್ಲ, ಬೆಳಿಗ್ಗೆ ಬರುವವರ ನಿದ್ದೆಗಣ್ಣಿನ ಮುಖಗಳಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿರುವುದು ಒಂದೇ ಕಂಪ್ಯೂಟರ್, ಅದೂ ಅಲ್ಲಿ ಕೂರುವವನದೇ. ಬೇಟೆಗಾರನನ್ನು ಹಕ್ಕಿಯಿಲ್ಲದ ಕಾಡಿಗೆ ಅಟ್ಟಿದ ಹಾಗೆ. ಟೋರ್ಕಿಲ್ ಅಂದೇ ಪಾಠದ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿದ.

ಪಾಠ ಹೇಳುವ ಬ್ರೋನಾ ಐರ್ಲೆಂಡಿನವಳು. ಮದುವೆಯಾಗಿ ಬಂದು ಸ್ಕೀವದಲ್ಲೇ ನೆಲೆಸಿದವಳು. ಕ್ಯಾಂಟೀನಿನಲ್ಲಿ ಹೆರಿಂಗ್ ಮೀನಿನ ವಾಸನೆ ಆರುವ ಮೊದಲೇ ನಮ್ಮನ್ನು ಸಾಲಾಗಿ ಕೂರಿಸಿ ವ್ಯವಹಾರದ ಇಂಗ್ಲಿಷ್ ಅರೆದು ಕುಡಿಸುತ್ತಿದ್ದಳು. ಆ ತಿಂಗಳ ಅಧ್ಯಾಯ ಕೆಲಸದ ಸ್ಥಳದ ಭದ್ರತೆ ಮತ್ತು ಪಾಲುದಾರಿಕೆ. ಒಂದೊಂದು ಪದ ಕೊಟ್ಟು, ಅದನ್ನು ಬಳಸಿ ವಾಕ್ಯ ಮಾಡಿ ಎನ್ನುವುದು ಅವಳ ಪದ್ಧತಿ.

ಭದ್ರತೆಯ ಪದಗಳನ್ನು ಟೋರ್ಕಿಲ್ ಕೇಕಿನಂತೆ ನುಂಗಿದ. 'ಅಧಿಕೃತ' ಎಂಬ ಪದಕ್ಕೆ "ಅಧಿಕೃತ ವ್ಯಕ್ತಿ ನಾನು, ನೀವಲ್ಲ" ಎಂದ. 'ಪ್ರವೇಶ' ಎಂದರೆ "ಪ್ರವೇಶವಿಲ್ಲ." 'ಗೌಪ್ಯ' ಎಂದರೆ "ಬಾಗಿಲು ಏಕೆ ಮುಚ್ಚಿದೆ ಎಂಬುದು ಗೌಪ್ಯ." 'ಉಲ್ಲಂಘನೆ' ಎಂಬ ಪದ ಬಂದಾಗಲಂತೂ ಬಾಯಲ್ಲಿ ನೀರೂರಿ ಅವನು ಸುತ್ತ ಕೂತವರ ಕಂಪ್ಯೂಟರುಗಳನ್ನು ಒಮ್ಮೆ ನೋಡಿದ. ಎಲ್ಲರೂ ಪಟಪಟನೆ ಮುಚ್ಚಿದರು.

ಆದರೆ ಪಾಲುದಾರಿಕೆಯ ಪದಗಳಿಗೆ ಬಂದ ಕೂಡಲೇ ಹೀರೋ ಮಂಡಿಯೂರಿದ.

"ಹಂಚಿಕೊಳ್ಳೋದು. ಒಂದು ವಾಕ್ಯ ಹೇಳು ನೋಡೋಣ," ಎಂದಳು ಬ್ರೋನಾ.

"ನಾವು ಮಾಹಿತಿಯನ್ನು ಹಂಚಿಕೊಳ್ಳುವುದಿಲ್ಲ."

"ವಿಶ್ವಾಸ?"

"ಯಾರ ಮೇಲೆ?"

"ನಾನು ಕೇಳ್ತಿರೋದು ವಾಕ್ಯ, ಟೋರ್ಕಿಲ್. ಸರಿ ಬಿಡು. ಪರಸ್ಪರ. ಅಂದ್ರೆ ಎರಡೂ ಕಡೆಯವರಿಗೆ ಸೇರಿದ್ದು, ಎರಡೂ ಕಡೆ ಒಂದೇ ಥರ ಇರೋದು."

ಟೋರ್ಕಿಲ್ ಬಹಳ ಹೊತ್ತು ಚಾವಣಿ ನೋಡಿದ. "ಅಂಥದ್ದು ಏನಿದೆ?" ಎಂದ.

"ಮದುವೆ ಆಗಿದೀಯ ತಾನೆ ನೀನು?" ಬೊಡಿಲ್ ಹಿಂದಿನ ಸಾಲಿನಿಂದ ಕೂಗಿದಳು.

"ಆಗಿದೀನಿ. ಕಾರ್ಡ್ ತೋರಿಸಿದ್ರೆ ಅವಳನ್ನೂ ಒಳಗೆ ಬಿಡ್ತೀನಿ."

ಕ್ಯಾಂಟೀನು ನಗೆಯಲ್ಲಿ ಉರುಳಿಬಿತ್ತು. ಬ್ರೋನಾ ಮಾತ್ರ ನಗಲಿಲ್ಲ. ನಕ್ಕರೆ ತಾನು ಸೋತಂತೆ ಎಂದು ಅವಳಿಗೆ ಗೊತ್ತಿತ್ತು. "ಡಂಡೀಯವರು ಬರೋಷ್ಟರಲ್ಲಿ 'ಪರಸ್ಪರ' ಅನ್ನೋದಕ್ಕೆ ಒಂದು ವಾಕ್ಯ ನನಗೆ ಬೇಕು. ಇಲ್ದಿದ್ರೆ ಪಾಸ್ ಅಂತ ಸೋಲ್ವೈಗೆ ಹೇಳೋದಿಲ್ಲ," ಎಂದಳು. ಟೋರ್ಕಿಲ್ ಆ ಪದವನ್ನು ವಾರಗಟ್ಟಲೆ ಬಾಯಲ್ಲಿಟ್ಟುಕೊಂಡು ತಿರುಗಿದ. ಟಪಾಲು ಹಂಚುವಾಗ, ಸೈಕಲ್ ತುಳಿಯುವಾಗ ಪರಸ್ಪರ, ಪರಸ್ಪರ ಎಂದು ಗೊಣಗುತ್ತಿದ್ದ. ವಾಕ್ಯ ಮಾತ್ರ ಹುಟ್ಟಲಿಲ್ಲ.

ಡಂಡೀಯವರು ಒಂದು ಗುರುವಾರ ಬಂದೇಬಿಟ್ಟರು. ಬಂದವರ ಮುಂದಾಳು ಮೊರಾಗ್ ಅಬರ್ನೆತಿ, ಕಾಗದ ಸಂಸ್ಥೆಯ ಮುಖ್ಯಸ್ಥೆ. ಬೂದು ಕೋಟು, ಬೂದು ಕೂದಲು, ನಗುವನ್ನು ಬ್ಯಾಂಕಿನಲ್ಲಿಟ್ಟು ಬಂದಂಥ ಮುಖ. ಬರುವ ಮೊದಲೇ ಅವಳು ಭದ್ರತೆಯ ಷರತ್ತುಗಳನ್ನು ಕಳಿಸಿದ್ದಳು: ಯಾವ ಕಂಪ್ಯೂಟರೂ ಒಂದು ಗಳಿಗೆಯೂ ಬೀಗವಿಲ್ಲದೆ ಇರಕೂಡದು, ಒಂದು ಲೋಪ ಕಂಡರೂ ಸಹಿ ಹಾಕುವುದಿಲ್ಲ. ಅಸ್ಗರ್ ಆ ವಾರವೆಲ್ಲ ನಮ್ಮ ಬೆನ್ನ ಹಿಂದೆ ತೋಳದಂತೆ ಸುಳಿದಾಡಿದ್ದ. ಎಲ್ಲ ಕಂಪ್ಯೂಟರಿಗೂ ಬೀಗ ಬಿದ್ದಿತ್ತು.

ಟೋರ್ಕಿಲ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದುನಿಂತ. ಇಂಗ್ಲಿಷಿನಲ್ಲಿ, ಒಂದೊಂದೇ ಪದವನ್ನು ಕಲ್ಲಿನಂತೆ ಎತ್ತಿಡುತ್ತ ನುಡಿದ:

"ಸುಸ್ವಾಗತ. ದಯವಿಟ್ಟು ನಿಮ್ಮ ಗುರುತನ್ನು ಸಾಬೀತುಪಡಿಸಿ."

ಪಕ್ಕದಲ್ಲಿದ್ದ ಸೋಲ್ವೈಯ ಕೆನ್ನೆಯ ಬಣ್ಣ ಇಳಿಯಿತು. ಮೊರಾಗ್ ಪಾಸ್‌ಪೋರ್ಟ್ ತೆಗೆದುಕೊಟ್ಟಳು. ಅವನು ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. "ಒಂದೇ ವ್ಯಕ್ತಿ," ಎಂದು ಘೋಷಿಸಿ ಕೆಂಪು ಬಿಲ್ಲೆ ಕೊಟ್ಟ.

"ಇದುವರೆಗೆ ಎಲ್ಲೂ ಯಾರೂ ನನ್ನನ್ನ ಹೀಗೆ ನೋಡಿರಲಿಲ್ಲ," ಎಂದಳು ಮೊರಾಗ್. ಅದು ಹೊಗಳಿಕೆಯೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಯಂತ್ರಗಳನ್ನು ನೋಡಲು ಕಾರ್ಖಾನೆಯ ಒಳಕ್ಕೆ ಹೋದರು. ಟೋರ್ಕಿಲ್ ಕಾಫಿ ಲೋಟ ತೆಗೆಯಲು ಸಭೆಯ ಕೋಣೆಗೆ ಹೋದ. ಅಲ್ಲಿ, ಉದ್ದ ಮೇಜಿನ ತಲೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಬಾಗಿಲಿಲ್ಲದ ಅರಮನೆಯ ಹಾಗೆ, ಮೊರಾಗ್ ಅಬರ್ನೆತಿಯ ಕಂಪ್ಯೂಟರ್ ತೆರೆದು ಬಿದ್ದಿತ್ತು. ಬೀಗವಿಲ್ಲ. ಪರದೆ ಬೆಳಗುತ್ತಿತ್ತು. ಮೇಲ್ ಪೆಟ್ಟಿಗೆ ತಾನೇ ಬಾ ಬಾ ಎಂದು ಕರೆಯುತ್ತಿತ್ತು.

ಒಳ್ಳೆಯ ಬುದ್ಧಿಯಿದ್ದವನು ಪರದೆ ಮುಚ್ಚಿ ಲೋಟ ಎತ್ತಿಕೊಂಡು ಹೋಗುತ್ತಿದ್ದ. ಟೋರ್ಕಿಲ್ ಲೋಟ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತ.

ಮಾಮೂಲಿ ಒಂದು ಸಾಲು ಸಾಕಿತ್ತು. ಆದರೆ ಇದು ಇಂಗ್ಲಿಷಿನಲ್ಲಿ ಆಡಬೇಕಾದ ಬೇಟೆ, ಮೇಲಾಗಿ ಅವನು ಕಲಿತ ಪದಗಳೆಲ್ಲ ಬಳಕೆಯಿಲ್ಲದೆ ಒಳಗೆ ಗುದ್ದಾಡುತ್ತಿದ್ದವು. ಅವನು ಬರೆದದ್ದು ಹೀಗೆ: 'ಮಾನ್ಯ ಪಾಲುದಾರರೇ ಮತ್ತು ಅಧಿಕೃತ ಸಿಬ್ಬಂದಿಯೇ, ನನ್ನ ಕಡೆಯಿಂದ ಗಂಭೀರ ಭದ್ರತಾ ಉಲ್ಲಂಘನೆ ನಡೆದಿರುವ ಕಾರಣ, ನಾಳೆ ಪ್ರತಿಯೊಬ್ಬರಿಗೂ ಕೇಕ್ ಒದಗಿಸಲು ನಾನು ಬದ್ಧಳಾಗಿದ್ದೇನೆ. ಈ ಬದ್ಧತೆ ಗೌಪ್ಯವಲ್ಲ.' ಯಾರಿಗೆ ಎಂಬಲ್ಲಿ 'ಎಲ್ಲರೂ' ಎಂಬುದನ್ನು ಒತ್ತಿದ. ಆ ಎಲ್ಲರೂ ನಮ್ಮವರಲ್ಲ, ಡಂಡೀಯ ಇಡೀ ಕಾಗದ ಸಂಸ್ಥೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಕಳಿಸಿ, ಪರದೆಗೆ ಬೀಗ ಹಾಕಿ, ಲೋಟಗಳನ್ನು ತೊಳೆಯಲು ಹೋದ.

ಯಂತ್ರಗಳ ನಡುವೆ ನಿಂತಿದ್ದ ಮೊರಾಗ್‌ಳ ಫೋನು ಮೊದಲು ಒಮ್ಮೆ ಗುಂಯ್‌ಗುಟ್ಟಿತು. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಡಂಡೀಯಿಂದ ಉತ್ತರಗಳು ಬರುತ್ತಿದ್ದವು. ಒಬ್ಬ, 'ಮೇಡಂ, ಆರೋಗ್ಯ ಸರಿಯಿದೆಯೇ?' ಎಂದಿದ್ದ. ಇನ್ನೊಬ್ಬಳು, 'ರಾತ್ರಿ ಪಾಳಿಗೂ ಕೇಕ್ ಇದೆಯೇ?' ಎಂದಿದ್ದಳು. ಮೊರಾಗ್ ಫೋನು ಓದಿ, ನೇರ ಸಭೆಯ ಕೋಣೆಗೆ ನಡೆದಳು. ಹಿಂದೆ ಸೋಲ್ವೈ, ಅಸ್ಗರ್, ಬೊಡಿಲ್, ಆಮೇಲೆ ಸುದ್ದಿ ಮೂಸಿ ಬಂದ ನಾವೆಲ್ಲ.

"ನನ್ನ ಕಂಪ್ಯೂಟರ್ ಮುಟ್ಟಿದ್ದು ಯಾರು?"

ಅಸ್ಗರ್ ಸೋಲ್ವೈಯ ಕಿವಿಯಲ್ಲಿ ಪಿಸುಗುಟ್ಟಿದ: "ಅತಿಥಿಯ ಕಂಪ್ಯೂಟರ್, ಅದೂ ವಿದೇಶದ್ದು! ಕೋರ್ಟಿಗೆ ಹೋದ್ರೆ ನಾವು ಮುಗಿದ್ವಿ."

"ಬಾಯ್ಮುಚ್ಚು," ಎಂದಳು ಸೋಲ್ವೈ. ಅವಳ ಕಣ್ಣೆದುರು ಬೆಣ್ಣೆಯೂ ಕಾಗದವೂ ಬೇರೆ ಬೇರೆ ದಿಕ್ಕಿಗೆ ತೇಲಿ ಹೋಗುತ್ತಿದ್ದವು.

ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಟೋರ್ಕಿಲ್ ಬಾಗಿಲಲ್ಲಿ ಕಾಣಿಸಿಕೊಂಡ. "ನಾನು," ಎಂದ.

"ಅದಕ್ಕೆ ನಿಮಗೆ ಅಧಿಕಾರ ಇತ್ತಾ?"

ನೆಲಮಾಳಿಗೆಯ ಮೆಟ್ಟಿಲುಗಳು ಟೋರ್ಕಿಲ್‌ನ ಕಾಲ ಕೆಳಗೇ ತೆರೆದುಕೊಂಡಂತೆ ನಮಗೆಲ್ಲ ಕಂಡಿತು. ಅವನು ಚಾವಣಿ ನೋಡಿದ. ಬ್ರೋನಾಳ ಪಾಠದಲ್ಲಿ ನೋಡುತ್ತಿದ್ದ ಹಾಗೆಯೇ ಬಹಳ ಹೊತ್ತು ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ:

"ಅಧಿಕಾರ ಇರಲಿಲ್ಲ. ಉಲ್ಲಂಘನೆ ನಿಮ್ಮದು. ಪ್ರವೇಶ ನನ್ನದು. ಕೇಕ್ ಪರಸ್ಪರ."

ಮೊರಾಗ್ ಅಬರ್ನೆತಿಯ ತುಟಿ ಒಮ್ಮೆ ಅಲುಗಿತು. ಆಮೇಲೆ ಗಲ್ಲ ಅಲುಗಿತು, ಭುಜ ಅಲುಗಿತು. ಬ್ಯಾಂಕಿನಲ್ಲಿಟ್ಟಿದ್ದ ನಗು ಬಡ್ಡಿಸಮೇತ ಹೊರಬಂತು. ಅವಳು ಕುರ್ಚಿಯಲ್ಲಿ ಕುಸಿದು, ಮೇಜು ಗುದ್ದಿ ಗುದ್ದಿ, ಕಣ್ಣೀರು ಸುರಿಯುವಷ್ಟು ನಕ್ಕಳು.

"ಷರತ್ತು ಬರೆದೋಳು ನಾನೇ, ಮುರಿದೋಳೂ ನಾನೇ!" ಎಂದಳು ಉಸಿರು ಸಿಕ್ಕಾಗ. "ನಮ್ಮಲ್ಲಿ ಇದನ್ನ ಹೇಳೋಕೆ ಒಬ್ಬರಿಗೂ ಧೈರ್ಯ ಬರ್ತಿರಲಿಲ್ಲ. ಎಲ್ಲಿ, ಪೆನ್ ಕೊಡಿ."

ಸಹಿ ಬಿತ್ತು. ಅಸ್ಗರ್ ಗೋಡೆಗೆ ಒರಗಿಕೊಂಡ. ಬೊಡಿಲ್ ಬ್ರೋನಾಗೆ ಫೋನು ಮಾಡಿ, "ಪರಸ್ಪರಕ್ಕೆ ವಾಕ್ಯ ಸಿಕ್ತು!" ಎಂದು ಕಿರುಚಿದಳು. ಆ ಕಡೆಯಿಂದ ಐರಿಷ್ ಭಾಷೆಯಲ್ಲಿ ಏನೋ ಕೂಗು ಕೇಳಿಸಿತು, ಪ್ರಾರ್ಥನೆಯಂತೂ ಆಗಿರಲಾರದು.

ಶುಕ್ರವಾರ ಮೊರಾಗ್ ಮಾತಿಗೆ ತಪ್ಪಲಿಲ್ಲ. ಡಂಡೀಯಲ್ಲಿ ಅವಳ ಜನ ಊರಿನ ಬೇಕರಿಗಳನ್ನೆಲ್ಲ ಬಳಿದು ಖಾಲಿ ಮಾಡಿದರಂತೆ. ಇಲ್ಲಿ ಅವಳು ಹೋಟೆಲಿನ ಅಡುಗೆಯವನನ್ನು ಬೆಳಗಾಗುವ ಮೊದಲೇ ಎಬ್ಬಿಸಿ, ತಾನೇ ತೋಳು ಮಡಿಸಿ ನಿಂತು, ಒಣದ್ರಾಕ್ಷಿ ತುಂಬಿ ಮೇಲೆ ಬಾದಾಮಿ ವೃತ್ತವೃತ್ತವಾಗಿ ಜೋಡಿಸಿದ ತನ್ನೂರಿನ ಕೇಕ್ ಮಾಡಿಸಿ ತಂದಿದ್ದಳು. ಬಾಗಿಲಲ್ಲಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತವಳಿಗೆ ಟೋರ್ಕಿಲ್ ಕೇಳಿದ ಮೊದಲ ಮಾತು, "ಬಿಲ್ಲೆ?" ಕೋಟಿನ ಜೇಬಿನಲ್ಲಿದೆ ಎಂದಳು. ಅವನು ತಟ್ಟೆ ಇಸಿದುಕೊಂಡ, ಬಿಲ್ಲೆ ತೋರಿಸಿದ ಮೇಲೆ ಅವಳನ್ನು ಬಿಟ್ಟ. ತಟ್ಟೆಯನ್ನು ಮಾತ್ರ ಬಿಡಲಿಲ್ಲ.

ಕ್ಯಾಂಟೀನಿನಲ್ಲಿ ಕಾಫಿಯ ಲೋಟ ಎತ್ತಿ ಸೋಲ್ವೈ ಭಾಷಣಕ್ಕೆ ನಿಂತಳು. ಕುರ್ಚಿ ಇನ್ನು ಟೋರ್ಕಿಲ್‌ನದೇ, ಅವನು ನಿವೃತ್ತನಾಗುವವರೆಗೂ, ಎಂದಳು. ನಾವು ಮೇಜು ಬಡಿದೆವು. ಅವಳಿಗೆ ಹುರುಪು ಏರಿತು. ನಿಜವಾದ ಪಾಲುದಾರಿಕೆ ಭಯದ ಮೇಲಲ್ಲ, ಸತ್ಯದ ಮೇಲೆ ನಿಲ್ಲುತ್ತದೆ ಎಂಬುದನ್ನು ಈ ಮನುಷ್ಯ ಒಂದೇ ಕ್ಷಣದಲ್ಲಿ ಕಂಡುಕೊಂಡ, ತನ್ನ ಕೆಲಸವನ್ನೇ ಪಣಕ್ಕಿಟ್ಟು ನಮಗೆಲ್ಲ ತೋರಿಸಿಕೊಟ್ಟ ಎಂದಳು. ಮೊರಾಗ್ ಗಂಭೀರವಾಗಿ ತಲೆದೂಗಿದಳು. ಅಸ್ಗರ್ ಮೂಗು ಒರೆಸಿಕೊಂಡ.

"ಹೇಳು ಟೋರ್ಕಿಲ್," ಸೋಲ್ವೈಯ ದನಿ ನಡುಗುತ್ತಿತ್ತು, "ಆ ಪರದೆ ಎದುರು ಕೂತಾಗ ನಿನ್ನ ಮನಸ್ಸಲ್ಲಿ ಏನಿತ್ತು?"

ಟೋರ್ಕಿಲ್ ಬಾಯಲ್ಲಿದ್ದ ಬಾದಾಮಿಯನ್ನು ಅಗಿದು ಮುಗಿಸಿದ.

"ಗುರುವಾರ ಆಗಿತ್ತು," ಎಂದ. "ಆ ವಾರ ಇನ್ನೂ ಕೇಕ್ ಇರಲಿಲ್ಲ."