ಡಾಕ್ಟರಿಗಿಂತ ಮೊದಲು ನೀರು

ನಮ್ಮತ್ತೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಹುಟ್ಟಿದ ಕೂಸು ನೀಲಿಗಟ್ಟಿದರೆ ಡಾಕ್ಟರನ್ನು ಕೂಗುವ ಮೊದಲು ಜೇಬಿನಿಂದ ಪುಟ್ಟ ಸೀಸೆ ತೆಗೆದು, ಹಣೆಗೆ ನೀರು ಹನಿಸಿ, ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿ ಜ್ಞಾನಸ್ನಾನ ಮುಗಿಸುತ್ತಿದ್ದರಂತೆ. ತಾಯಿ ಯಾವ ಮತದವಳು ಎಂದು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸಿಗೆ ಸ್ವರ್ಗವಿಲ್ಲ ಎಂಬುದು ಅವರ ನಂಬಿಕೆ. ಮದುವೆಯಾದ ಹೊಸತರಲ್ಲೇ ಬಟಾಣಿ ಸುಲಿಯುತ್ತಾ ಇದನ್ನು ನನಗೆ ಹೆಮ್ಮೆಯಿಂದ ಹೇಳಿದ್ದರು.

"ಎಷ್ಟು ಮಕ್ಕಳನ್ನ ದಾಟಿಸಿದೀನಿ ಗೊತ್ತೇನೇ!"

"ಅಷ್ಟೊತ್ತಿಗೆ ಆಕ್ಸಿಜನ್ ಕೊಡಬಹುದಿತ್ತಲ್ಲ ಅತ್ತೆ?"

"ಉಸಿರು ಇವತ್ತಿರುತ್ತೆ, ನಾಳೆ ಹೋಗುತ್ತೆ. ನರಕ ಹಂಗಲ್ಲ."

ಇಂಥವರಿಗೆ ಸಂಬಳ ಕೊಟ್ಟು, ನಿವೃತ್ತಿಯ ದಿನ ಹಾರ ಬೇರೆ ಹಾಕಿದ್ದಾರೆ.

ನನ್ನಪ್ಪ ಕ್ರೈಸ್ತರಲ್ಲೇ ಇನ್ನೊಂದು ಪಂಗಡದವರು. "ಹಲ್ಲೇ ಬರದ ಕೂಸು ಏನು ಪಾಪ ಮಾಡುತ್ತೆ? ಬುದ್ಧಿ ಬಂದ್ಮೇಲೆ ಪಶ್ಚಾತ್ತಾಪಪಟ್ಟು ಮುಳುಗಿ ಏಳ್ಬೇಕು. ನೀವು ಮಾಡೋದು ಬರೀ ತಲೆ ಒದ್ದೆ" ಎನ್ನುವವರು. ನನ್ನ ಗಂಡ ಇಬ್ಬರಿಗೂ ತಲೆಯಾಡಿಸಿ ಮುಂದೂಡುವುದರಲ್ಲಿ ನಿಸ್ಸೀಮ. ಹಾಗಾಗಿ ನನ್ನ ಮಗನಿಗೆ ಯಾರ ನೀರೂ ಬಿದ್ದಿರಲಿಲ್ಲ.

ಅವನಿಗೆ ಎದೆ ಕಟ್ಟಿತ್ತು. ಬೆಚ್ಚಗಿಡಿ, ತಲೆ ನೆನೆಸಬೇಡಿ, ಉಸಿರು ಬಿಗಿದರೆ ಮುಖಕ್ಕೆ ಮಾಸ್ಕ್ ಹಿಡಿದು ಔಷಧಿ ಕೊಡಿ ಎಂದು ಡಾಕ್ಟರ್ ಹೇಳಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ ಹೊತ್ತು, ಮಗನನ್ನು ಅತ್ತೆಯ ಕೈಗೆ ಕೊಟ್ಟು ಸಿರಪ್ ತರಲು ಕೆಳಗಿನ ಮೆಡಿಕಲ್ ಶಾಪಿಗೆ ಇಳಿದು ಹತ್ತಿದ್ದಷ್ಟೇ. ಬಂದು ನೋಡಿದರೆ ಅಡುಗೆಮನೆಯ ನಲ್ಲಿಯ ಕೆಳಗೆ ಮಗನ ತಲೆ! ಅಂಗಿಯೆಲ್ಲ ತೊಪ್ಪೆ. ಮಾಸ್ಕ್ ಮೇಜಿನ ಮೇಲೆ ಇಟ್ಟಲ್ಲೇ ಇತ್ತು.

"ಕೆಮ್ಮಿ ಕೆಮ್ಮಿ ನೀಲಿಯಾಗ್ಬಿಟ್ಟ ಕಣೇ. ಆಯ್ತು ಬಿಡು, ಇನ್ನು ಭಯ ಇಲ್ಲ" ಎಂದರು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

ಮಗನನ್ನು ಕಿತ್ತುಕೊಂಡೆ. ಅಂಗಿ ಬದಲಿಸಿ, ಮಾಸ್ಕ್ ಹಿಡಿದು, ಕಾರು ತನ್ನಿ ಎಂದು ಅಪ್ಪನಿಗೆ ಫೋನು ಮಾಡಿದೆ. ಅತ್ತೆಯೂ ಫೋನು ಮಾಡಿದರು, ಪಾದ್ರಿಗೆ. ತುರ್ತಿನಲ್ಲಿ ಮನೆಯಲ್ಲೇ ಕೊಟ್ಟ ಜ್ಞಾನಸ್ನಾನವನ್ನು ಅವರಿಗೆ ತಿಳಿಸಲೇಬೇಕಂತೆ. ಪಾದ್ರಿ ಪಕ್ಕದ ಬೀದಿಯವರು, ಅಪ್ಪನೂ ಅವರೂ ಒಟ್ಟಿಗೇ ಬಂದರು. ಕಾರಿನ ಕೀ ಕೈಯಲ್ಲಿ ಹಿಡಿದೇ ಅಪ್ಪ ವಾದಕ್ಕೆ ನಿಂತರು.

"ಬೀಗರೇ, ಇದು ಲೆಕ್ಕಕ್ಕಿಲ್ಲ."

"ನಿಮ್ಮ ಲೆಕ್ಕ ಯಾರು ಕೇಳಿದ್ರು? ಇವನು ಹೋಗೇಬಿಟ್ಟಿದ್ರೆ ಎಲ್ಲಿಗೆ ಹೋಗ್ತಿದ್ದ, ಹೇಳಿ!"

ನನ್ನ ಮಗನನ್ನು ನನ್ನೆದುರೇ ಸಾಯಿಸಿ ವಿಳಾಸ ಹುಡುಕುತ್ತಿದ್ದರು.

ಪಾದ್ರಿ ಸಮಾಧಾನದ ದನಿ ತೆಗೆದರು. "ಅಮ್ಮಾ, ನೀರು ಬೀಳದೆ ತೀರಿಕೊಂಡ ಮಕ್ಕಳನ್ನ ದೇವರ ಕರುಣೆಗೆ ಒಪ್ಪಿಸ್ತೀವಿ. ಅವರು ದೇವರ ಹತ್ರ ಇದಾರೆ ಅನ್ನೋ ಭರವಸೆ ನಮಗಿದೆ."

ಅತ್ತೆಯ ಮುಖ ಬಿಳಿಚಿತು. ನನ್ನ ಗಂಡನಿಗಿಂತ ಮೊದಲು ಅವರಿಗೆ ಹುಟ್ಟಿದ ಮಗ ನೀರು ಬೀಳುವ ಮುನ್ನವೇ ತೀರಿಕೊಂಡಿದ್ದ. ಜ್ಞಾನಸ್ನಾನವಾಗಿಲ್ಲವೆಂದು ಚರ್ಚಿನವರು ಅವನನ್ನು ಸ್ಮಶಾನದ ಗೋಡೆಯಾಚೆ ಹೂಳಿಸಿದ್ದರು.

"ಹಂಗಾದ್ರೆ ಅವನನ್ನ ಆಚೆ ಯಾಕೆ ಹಾಕಿದ್ರಿ ಫಾದರ್?"

"ಅದು... ಆ ಕಾಲದ ತಿಳಿವಳಿಕೆ ಅಮ್ಮಾ."

ಸ್ವರ್ಗದ ನಿಯಮ ಸಡಿಲವಾಗಿ ಎಷ್ಟು ಕಾಲವಾಗಿತ್ತೋ! ಗೋಡೆಯಾಚೆ ಮಗನನ್ನು ಬಿಟ್ಟು ಬಂದವಳಿಗೆ ಮನೆಗೆ ಬಂದು ಒಂದು ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಆ ಪಾದ್ರಿಯ ಇಸ್ತ್ರಿ ಮಾಡಿದ ನಿಲುವಂಗಿಯನ್ನೂ ಅದೇ ನಲ್ಲಿಯ ಕೆಳಗೆ ಹಿಡಿಯಬೇಕೆನಿಸಿತು. ಅತ್ತೆಯ ಮೇಲೆ ಒಂದು ಕ್ಷಣ ಕನಿಕರವೂ ಹುಟ್ಟಿತು. ಅಷ್ಟರಲ್ಲಿ ಮಗನ ಎದೆ ಸುಂಯ್ಗುಟ್ಟಿತು. ಅಪ್ಪನ ಕೈಯಿಂದ ಕೀ ಕಿತ್ತುಕೊಂಡು ನಾನೇ ಕಾರು ಓಡಿಸಿದೆ.

ಮಗ ಉಳಿದ. ಆಸ್ಪತ್ರೆಯಿಂದ ಬಂದವಳೇ ಅವನನ್ನು ಶಿಶುವಿಹಾರಕ್ಕೆ ಸೇರಿಸಿ ಬಂದೆ. ನಾನು ಕೆಲಸಕ್ಕೆ ಹೋದಾಗ ಅತ್ತೆ ನೋಡಿಕೊಳ್ಳುತ್ತಾರೆ ಎಂದಿದ್ದ ಏರ್ಪಾಡು ಅಲ್ಲಿಗೆ ಮುಗಿಯಿತು.

"ಅಲ್ಲಿ ಏನಾದ್ರೂ ಆದ್ರೆ ಯಾರಿದಾರೆ?" ಎಂದರು ಅತ್ತೆ.

"ಪಕ್ಕದಲ್ಲೇ ಡಾಕ್ಟರಿದಾರೆ."

"ಅವರಿಗೆ ಜ್ಞಾನಸ್ನಾನ ಕೊಡೋಕೆ ಬರುತ್ತೇನೇ?"

"ಫಾದರ್ ಹೇಳಿದ್ದು ಕೇಳಿಸ್ಲಿಲ್ವಾ ಅತ್ತೆ? ಮಕ್ಕಳಿಗೆ ನರಕ ಇಲ್ವಂತೆ."

"ಅವನೇನು ಹೋಗಿ ನೋಡ್ಕೊಂಡ್ ಬಂದಿದಾನಾ?" ಎಂದು ಬೆನ್ನು ತಿರುಗಿಸಿದರು.