ಪರ್ಮಿಟ್ಟಿನ ತವರದ ತುಂಡು

ಚೀನಾದ ಜೊತೆ ಯುದ್ಧ ನಿಂತ ಮರುವರ್ಷದ ಬೇಸಿಗೆ. ನನಗೆ ಆಗ ಹದಿನೇಳು ತುಂಬಿತ್ತು. ಮೂಡುಬಿದಿರೆಯಲ್ಲಿ ನಮ್ಮ ಮನೆ, ಮನೆಗೆ ತಾಗಿಯೇ ಅಪ್ಪನ ಎರಕದ ಕೊಟ್ಟಿಗೆ. ಅಪ್ಪ ಕಂಚಿನ ಕೆಲಸದವರು. ಬಟ್ಟಲು, ಗಿಂಡಿ, ಕಾಲುದೀಪ, ಮದುವೆಗೆ ಕೊಡುವ ಹರಿವಾಣ, ಇಂಥವನ್ನು ಮಾಡುತ್ತಿದ್ದರು. ಈಗ ನನಗೆ ಎಪ್ಪತ್ತೈದು ದಾಟಿದೆ. ನಿನ್ನೆ ಮಾಡಿದ ಪಲ್ಯ ಯಾವುದೆಂದು ಕೇಳಿದರೆ ತಡವರಿಸುತ್ತೇನೆ. ಆದರೆ ಆ ಬೇಸಿಗೆಯ ಐದು ದಿನಗಳು ಒಂದಿಷ್ಟೂ ಮಾಸಿಲ್ಲ.

ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ತವರ ಅಂದರೆ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಆ ಬಿಳಿ ಲೋಹ. ಆಗ ಎರಡಕ್ಕೂ ಕಂಟ್ರೋಲು. ಕಾಳಸಂತೆಯಲ್ಲಿ ಸಿಗುತ್ತಿತ್ತು, ಆದರೆ ಆ ಬೆಲೆ ನಮ್ಮಂಥವರಿಗೆ ಎಟುಕುವುದಲ್ಲ. ಹಾಗಾಗಿ ಅಪ್ಪ ವರ್ಷಗಟ್ಟಲೆ ಮಂಗಳೂರಿನ ಸಾಹುಕಾರರೊಬ್ಬರು ಕಳಿಸಿದ ಹಳೆ ಪಾತ್ರೆ ಕರಗಿಸಿ, ಅವರು ಹೇಳಿದ್ದನ್ನು ಮಾಡಿಕೊಟ್ಟು, ಬರೀ ಕೂಲಿಗೆ ದುಡಿದರು. ಆಮೇಲೆ ಬ್ಲಾಕ್ ಆಫೀಸಿನ ಒಬ್ಬ ಪುಣ್ಯಾತ್ಮರು ಮನೆಗೆ ಬಂದು, ಸಣ್ಣ ಕೈಗಾರಿಕೆಯವರಿಗೆ ಸರಕಾರ ಕಂಟ್ರೋಲು ದರದಲ್ಲಿ ಲೋಹ ಕೊಡುತ್ತದೆ, ಅರ್ಜಿ ಹಾಕಿ ಎಂದರು. ಅರ್ಜಿಯನ್ನೂ ತಾವೇ ತುಂಬಿಸಿದರು. ಅಪ್ಪ ಒಂದು ವರ್ಷ ಚಪ್ಪಲಿ ಸವೆಸಿದ ಮೇಲೆ ಪರ್ಮಿಟ್ ಬಂತು. ಮೂರು ತಿಂಗಳಿಗೊಮ್ಮೆ ಇಷ್ಟು ತಾಮ್ರ, ಇಷ್ಟು ತವರ. ಅದರಲ್ಲಿ ಮನೆಬಳಕೆಯ ಪಾತ್ರೆ ಮಾತ್ರ ಮಾಡಬೇಕು. ಬೇರೆಯದಕ್ಕೆ ಬಳಸಬಾರದು, ಲೋಹವನ್ನು ಹಾಗೇ ಯಾರಿಗೂ ಕೊಡಬಾರದು. ಅಪ್ಪ ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದರು, ಲೋಹವನ್ನು ಮಂಚದಡಿಯ ಮರದ ಪೆಟ್ಟಿಗೆಯಲ್ಲಿ. ಅವರಿಗೆ ಓದು ಬರಹ ಇಲ್ಲ. ಎಂಟನೆಯ ತರಗತಿವರೆಗೆ ಕಲಿತ ನಾನು ಲೋಹದ ಲೆಕ್ಕದ ಪುಸ್ತಕ ಬರೆಯುತ್ತಿದ್ದೆ.

ಆ ವರ್ಷ ಅಮ್ಮನಿಗೆ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಹಾಸಿಗೆ ಹಿಡಿದರು. ಒಂದು ದಿನ ನನ್ನ ಗುರುತೇ ಹಿಡಿಯಲಿಲ್ಲ. ಅದೇ ಸಮಯಕ್ಕೆ ಮಿಜಾರು ಕಡೆಯ ಒಂದು ದೈವಸ್ಥಾನಕ್ಕೆ ಗಂಟೆ ಎರೆಯುವ ಕೆಲಸ ಅಪ್ಪನಿಗೆ ಬಂದಿತ್ತು. ಅದಕ್ಕೆ ಬೇಕಾದ ಲೋಹವನ್ನು ಆ ಊರಿನವರೇ ಹಳೆ ಪಾತ್ರೆಗಳಲ್ಲಿ ಒಟ್ಟು ಮಾಡಿ ತಂದಿದ್ದರು. ನಮ್ಮ ಪರ್ಮಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅಮ್ಮ ಎದ್ದು ಕೂತರೆ ಆ ಗಂಟೆಗೆ ನನ್ನದೂ ಒಂದು ಪಾಲು ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೇಳಿಕೊಂಡೆ. ಅಮ್ಮ ಎದ್ದು ಕೂತರು, ಗಂಜಿಯನ್ನೂ ಕೇಳಿ ಕುಡಿದರು.

ದೈವದ ಗಂಟೆ ಎರೆಯುವ ದಿನ ನಮ್ಮಲ್ಲಿ ಒಂದು ಕ್ರಮ ಉಂಟು. ಕೊಟ್ಟಿಗೆಯ ಬಾಗಿಲಲ್ಲಿ ಬುಟ್ಟಿ ಇಟ್ಟು ಬಾಳೆಲೆ ಮುಚ್ಚುತ್ತಾರೆ. ಹರಕೆ ಇದ್ದವರು ಎಲೆಯಡಿಗೆ ಕೈ ತೂರಿಸಿ ತಾಮ್ರದ ಚೂರೋ, ಒಡೆದ ಕಂಚೋ ಹಾಕಿ ಹೋಗುತ್ತಾರೆ. ಯಾರು ಏನು ಹಾಕಿದರೆಂದು ಕೇಳುವಂತಿಲ್ಲ. ಎರಕ ಹೊಯ್ಯುವವರು ಕೂಡ ಬುಟ್ಟಿಯೊಳಗೆ ನೋಡದೆ, ಮುಖ ಆಚೆ ತಿರುಗಿಸಿ, ಎಲ್ಲವನ್ನೂ ಮೂಸೆಗೆ ಸುರಿಯಬೇಕು. ಮೂಸೆ ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆ.

ನನ್ನದು ಅಂತ ನನ್ನಲ್ಲಿ ಏನಿತ್ತು? ಕೈಯಲ್ಲಿ ನಾಲ್ಕು ಗಾಜಿನ ಬಳೆ, ಅಷ್ಟೆ. ಆಗ ಮಂಚದಡಿಯ ಪೆಟ್ಟಿಗೆ ನೆನಪಾಯಿತು. ಬೆಳ್ಳಿಯ ಹಾಗೆ ಹೊಳೆಯುವ ತವರದ ತುಂಡುಗಳು. ಅಂಗೈಯಗಲದ ಒಂದನ್ನು ಸೆರಗಿನಲ್ಲಿ ಸುತ್ತಿ ತಂದು ಎಲೆಯಡಿಗೆ ಜಾರಿಸಿದೆ. ಒಂದು ಕಿಲೋಗೆ ಹತ್ತಿರ ಇದ್ದೀತು. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ನಮ್ಮದೇ ತಾನೆ ಎಂದುಕೊಂಡೆ. ಪುಸ್ತಕ ಬರೆಯುವವಳು ನಾನೇ, ಆದರೂ ಲೆಕ್ಕಕ್ಕೆ ಕಮ್ಮಿ ಬೀಳುತ್ತದೆಂದು ತಲೆಗೆ ಹೋಗಲಿಲ್ಲ. ಹದಿನೇಳು ವರ್ಷದವಳಿಗೆ ಅಷ್ಟೂ ಬುದ್ಧಿ ಬೇಡವೇ ಎಂದು ನೀವು ಕೇಳಬಹುದು. ಇರಲಿಲ್ಲ, ಏನು ಮಾಡುವುದು.

ಗಂಟೆ ಚೆನ್ನಾಗಿ ಬಂತು. ಮಿಜಾರಿನವರು ಸಂತೋಷದಿಂದ ಹೊತ್ತುಕೊಂಡು ಹೋದರು. ಎರಡು ವಾರ ಕಳೆದು ಒಂದು ಸೋಮವಾರ ಪೋಸ್ಟ್‌ಮ್ಯಾನ್ ಸರಕಾರದ ಕಾಗದ ತಂದ. ಅಪ್ಪ ಓದು ಎಂದರು. ಪರ್ಮಿಟ್ಟಿನ ಲೋಹ ಏನಾಗಿದೆ ಎಂದು ತನಿಖೆ ಮಾಡಲು ಮಂಗಳೂರಿನಿಂದ ಅಧಿಕಾರಿಯೊಬ್ಬರು ಶುಕ್ರವಾರ ಬರುತ್ತಾರೆ, ಉಳಿದ ಲೋಹವನ್ನು ತೂಗಿ ನೋಡುತ್ತಾರೆ, ವ್ಯತ್ಯಾಸ ಕಂಡರೆ ಕಾನೂನು ಪ್ರಕಾರ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ಕೊನೆಯ ಸಾಲು ಓದುವಾಗ ಎಲೆಯಡಿಗೆ ಜಾರಿಸಿದ ತುಂಡು ಕಣ್ಣೆದುರು ಬಂತು. ಅಪ್ಪ ಕಾಗದ ವಾಪಸು ತೆಗೆದುಕೊಂಡು, ಸರಿ, ಬರಲಿ ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋದರು.

ಆ ಕಾಲ ಎಂಥದ್ದೆಂದು ಈಗಿನವರಿಗೆ ಹೇಳಬೇಕು. ಯುದ್ಧದ ಬಿಸಿ ಆರಿರಲಿಲ್ಲ. ಚಿನ್ನದ ಕಾನೂನು ಬಂದು ನಮ್ಮ ಓಣಿಯ ಅಕ್ಕಸಾಲಿಗರು ಕೆಲಸವಿಲ್ಲದೆ ಜಗಲಿಯಲ್ಲಿ ಕೂತಿದ್ದರು. ಎಲ್ಲಿಯೋ ಒಬ್ಬ ಕಂಟ್ರೋಲಿನ ತಾಮ್ರ ಮಾರಿದನೆಂದು ಕೈಕೋಳ ಹಾಕಿ ಬಸ್ಸಿನಲ್ಲಿ ಕರಕೊಂಡು ಹೋದರಂತೆ, ಬಸ್ಸಿನವರೆಲ್ಲ ನೋಡಿದರಂತೆ. ನಿಜವೋ ಸುಳ್ಳೋ ದೇವರಿಗೇ ಗೊತ್ತು. ನನಗೆ ಮಾತ್ರ ಆ ಬಸ್ಸಿನಲ್ಲಿ ಅಪ್ಪನೇ ಕೂತ ಹಾಗೆ ಕಾಣುತ್ತಿತ್ತು. ಪರ್ಮಿಟ್ ಹೋದರೆ ಮತ್ತೆ ಸಾಹುಕಾರರ ಕೂಲಿ. ಅಪ್ಪನೇ ಹೋದರೆ? ಈಗಷ್ಟೇ ಗೋಡೆ ಹಿಡಿದು ನಡೆಯುವ ಅಮ್ಮನನ್ನು ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ?

ಮಂಗಳವಾರ ಹೇಳಿಬಿಡುವ ಎಂದು ಕೊಟ್ಟಿಗೆಯ ಬಾಗಿಲಿನವರೆಗೆ ಹೋದೆ. ಅಪ್ಪ ತಲೆ ಎತ್ತಿ ಏನು ಎಂದರು. ಊಟಕ್ಕೆ ಬನ್ನಿ ಎಂದು ಹೇಳಿ ಬಂದೆ. ಆಗಿನ್ನೂ ಅನ್ನ ಬೆಂದಿರಲಿಲ್ಲ.

ಬುಧವಾರ ಹುಚ್ಚು ಧೈರ್ಯ ಮಾಡಿ ಬಸ್ ನಿಲ್ದಾಣದ ಹತ್ತಿರ ಕಲಾಯಿ ಹಾಕುವ ಬ್ಯಾರಿ ಕಾಕನ ಬಳಿಗೆ ಹೋದೆ. ಅವರು ಅಪ್ಪನಿಗೆ ಗುರುತಿನವರೇ. ಒಂದು ಕಿಲೋದಷ್ಟು ತವರ ಬೇಕಿತ್ತು, ಸ್ವಲ್ಪ ದಿನದಲ್ಲಿ ವಾಪಸು ಕೊಡುತ್ತೇನೆ ಎಂದೆ. ಅವರು ತಮ್ಮ ಚೀಲದಿಂದ ಬೆರಳುದ್ದದ ಒಂದು ಕಡ್ಡಿ ತೆಗೆದು ತೋರಿಸಿ, ಈ ತಿಂಗಳಿಗೆ ನನಗೆ ಇಷ್ಟೇ ಮಗಳೇ, ನಿಮ್ಮಪ್ಪನಿಗೆ ಪರ್ಮಿಟ್ ಉಂಟಲ್ಲ, ನಿನಗೆ ಯಾಕೆ ಎಂದರು. ಅಲ್ಲಿಂದ ಓಡಿದೆ. ಮನೆಗೆ ಬಂದ ಮೇಲೆ ಇನ್ನೊಂದು ಹೆದರಿಕೆ ಹತ್ತಿಕೊಂಡಿತು. ಕಾಕ ಯಾರ ಹತ್ತಿರವಾದರೂ ಹೇಳಿದರೆ? ಅಪ್ಪನ ಮಗಳು ತವರ ಹುಡುಕುತ್ತಿದ್ದಾಳೆ ಎಂದರೆ ಅಪ್ಪ ಮಾರಿದ್ದಾರೆ ಎಂದೇ ಅರ್ಥವಾಗುವುದಿಲ್ಲವೇ? ಗುರುವಾರ ಬಟ್ಟಲ ಅನ್ನವನ್ನು ಹಾಗೇ ಬಿಟ್ಟು ಎದ್ದೆ. ಅಪ್ಪ ಕೂಡ ಅರ್ಧ ಬಟ್ಟಲಲ್ಲೇ ಏಳುತ್ತಿದ್ದರು. ಅವರಿಗೇಕೆ ಹಾಗೆ ಎಂದು ಯೋಚಿಸಲು ನನ್ನ ತಲೆಯಲ್ಲಿ ಜಾಗ ಇರಲಿಲ್ಲ.

ಶುಕ್ರವಾರ ಹತ್ತು ಗಂಟೆಯ ಬಸ್ಸಿಗೆ ಅಧಿಕಾರಿ ಬಂದರು. ಘಟ್ಟದ ಮೇಲಿನವರು, ಸಣಕಲು ಮೈ, ದಪ್ಪ ಕನ್ನಡಕ. ಜೊತೆಗೆ ತಕ್ಕಡಿ ಹೊತ್ತ ಒಬ್ಬ ಜವಾನ. ಅಮ್ಮ ಕೊಟ್ಟ ಬೆಲ್ಲ ನೀರನ್ನು ಆಮೇಲೆ ಎಂದು ಬದಿಗಿಟ್ಟರು. ಸರಕಾರದವರು ನೀರು ಕೂಡ ಕುಡಿಯದಿದ್ದರೆ ಗ್ರಹಚಾರ ಕೆಟ್ಟಿತು ಎಂದೇ ನನಗೆ ಅನಿಸಿತು. ಪುಸ್ತಕ ಬಿಡಿಸಿಕೊಂಡು, ಪೆಟ್ಟಿಗೆ ತರಿಸಿ, ತಾಮ್ರ ತೂಗಿದರು. ಸರಿ ಬಂತು. ತವರ ತೂಗಿದರು. ಜವಾನ ಕಲ್ಲು ಬದಲಾಯಿಸಿ ಎರಡನೆಯ ಸಲ ತೂಗಿದ. ನಾನು ಬಾಗಿಲ ದಾರಂದ ಹಿಡಿದು ನಿಂತಿದ್ದೆ.

“ಒಂದು ಕಿಲೋ ಹತ್ತಿರ ಕಮ್ಮಿ ಇದೆಯಲ್ಲ. ಎಲ್ಲಿ ಹೋಯ್ತು?” ಎಂದರು ಅಧಿಕಾರಿ.

ಅಪ್ಪ ತಡಮಾಡಲಿಲ್ಲ. “ದೈವದ ಗಂಟೆಗೆ ಹಾಕಿದೆ. ನಾನೇ ಹಾಕಿದ್ದು. ತಪ್ಪಾಯಿತು” ಎಂದರು.

ನನಗೆ ಏನೂ ಅರ್ಥವಾಗಲಿಲ್ಲ. ಅಪ್ಪನಿಗೆ ಹೇಗೆ ಗೊತ್ತು? ಗೊತ್ತಿಲ್ಲದೆ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೇ? ಅಧಿಕಾರಿ ಬರೆಯುತ್ತಾ ಹೋದರು. ಗಂಟೆ ಮನೆಬಳಕೆಯ ಪಾತ್ರೆ ಅಲ್ಲ ಎಂದರು. ಗಂಟೆಗೆ ಹಾಕಿದಿರೋ ಯಾರಿಗಾದರೂ ಮಾರಿದಿರೋ ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಈಗಿನ ದಿನಗಳಲ್ಲಿ ಇದು ಪೊಲೀಸರವರೆಗೆ ಹೋಗಬಹುದು ಎಂದರು. ಜೋರು ಮಾಡಲಿಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಪ್ಪ ಕೈ ಕಟ್ಟಿ ನಿಂತಿದ್ದರು. ಬೆಂಕಿಯೆದುರು ಸೊಂಟ ಬಾಗಿಸದ ಮನುಷ್ಯ ಆ ಕನ್ನಡಕದೆದುರು ಬಾಗಿದ್ದನ್ನು ನನಗೆ ನೋಡಲಾಗಲಿಲ್ಲ.

“ಅವರಲ್ಲ ಸರ್, ನಾನು ಹಾಕಿದ್ದು” ಎಂದೆ. ನನ್ನ ಸ್ವರ ನನಗೇ ಬೇರೆಯವರದ್ದು ಅನಿಸಿತು.

ಅಪ್ಪ ನನ್ನ ಕಡೆ ತಿರುಗಿದ ಮುಖ ಇನ್ನೂ ಮರೆತಿಲ್ಲ. ಒಳಗೆ ಹೋಗು ಎಂದರು. ಇವಳಿಗೇನೂ ಗೊತ್ತಿಲ್ಲ ಸರ್, ಹೆದರಿ ಏನೇನೋ ಹೇಳುತ್ತಾಳೆ ಎಂದು ಅಧಿಕಾರಿಗೆ ಅಂಗಲಾಚಿದರು. ಅಧಿಕಾರಿ ಪೆನ್ನು ಕೆಳಗಿಟ್ಟರು. ನನ್ನನ್ನು ಹತ್ತಿರ ಕರೆದು, ಮೊದಲಿನಿಂದ ಹೇಳಮ್ಮ ಎಂದರು. ಜ್ವರ, ಹರಕೆ, ಬುಟ್ಟಿ, ಬಾಳೆಲೆ, ಕಲಾಯಿ ಕಾಕ, ಎಲ್ಲವನ್ನೂ ಅಳುತ್ತಲೇ ಹೇಳಿದೆ. ಅವರು ಅಮ್ಮನ ಕಡೆ ನೋಡಿದರು. ಜ್ವರದಲ್ಲಿ ಕೂದಲು ಉದುರಿ ಅಮ್ಮನ ತಲೆ ಅರ್ಧ ಬೋಳಾಗಿತ್ತು. ಹಾಕಿದ ತುಂಡು ಎಷ್ಟು ದೊಡ್ಡದು ಎಂದು ಕೇಳಿದಾಗ ಅಂಗೈ ಚಾಚಿ ತೋರಿಸಿದೆ.

ಅಧಿಕಾರಿ ಒಂದು ಹಾಳೆ ಕೊಟ್ಟು, ಹೇಳಿದ್ದನ್ನೇ ನಿನ್ನ ಕೈಯಲ್ಲಿ ಬರೆದು ಸಹಿ ಹಾಕು ಎಂದರು. ಬರೆದೆ. ಅಪ್ಪ ಕೆಳಗೆ ಹೆಬ್ಬೆಟ್ಟು ಒತ್ತಿದರು. ಮುಂದಿನ ಮೂರು ತಿಂಗಳ ಲೋಹ ಸಿಗುವುದಿಲ್ಲ, ಪರ್ಮಿಟ್ ರದ್ದು ಮಾಡಬಾರದೆಂದು ನಾನು ಬರೆಯುತ್ತೇನೆ, ಪೊಲೀಸರ ಮಾತು ಬೇಡ ಎಂದರು. ಹೊರಡುವಾಗ ಬೆಲ್ಲ ನೀರು ಕುಡಿದರು. ಅಮ್ಮ ಅವರ ಕಾಲಿಗೆ ಬೀಳಲು ಹೋದರು, ಅವರು ಹಿಂದೆ ಸರಿದು ಚಪ್ಪಲಿ ಮೆಟ್ಟಿಕೊಂಡರು.

ಅಪ್ಪ ಮರುದಿನವೇ ಸಾಹುಕಾರರಿಗೆ ಹೇಳಿಕಳಿಸಿ ಮೂರು ತಿಂಗಳು ಕೂಲಿಗೆ ದುಡಿದರು. ನನ್ನನ್ನು ಒಂದು ಮಾತು ಬಯ್ಯಲಿಲ್ಲ. ಅದೇ ತಡೆಯಲಾಗದೆ ಒಂದು ದಿನ ಕೊಟ್ಟಿಗೆಯಲ್ಲಿ ತಿದಿ ಒತ್ತುತ್ತಾ ಕೇಳಿದೆ, ನಿಮಗೆ ಹೇಗೆ ಗೊತ್ತಾಯಿತು ಎಂದು. ಅಚ್ಚಿಗೆ ಲೋಹ ಹೊಯ್ಯುವ ಬಾಯಲ್ಲಿ ಗಟ್ಟಿಯಾಗಿ ಉಳಿದ ತುಂಡನ್ನು ಮುರಿದ ದಿನವೇ ಗೊತ್ತಾಗಿತ್ತಂತೆ. ತವರ ಹೆಚ್ಚಾದರೆ ಮುರಿದ ಜಾಗ ಬೆಳ್ಳಗೆ ಕಾಣುತ್ತದೆ. ಪೆಟ್ಟಿಗೆ ತೆರೆದು ನೋಡಿದರಂತೆ, ಒಂದು ತುಂಡು ಇರಲಿಲ್ಲ. ಅಮ್ಮ ಮಂಚದಿಂದ ಇಳಿಯುವ ಹಾಗಿರಲಿಲ್ಲ, ಇನ್ನು ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಮತ್ತೆ ಯಾಕೆ ನನ್ನನ್ನು ಕೇಳಲಿಲ್ಲ ಎಂದೆ. ದೈವದ ಬುಟ್ಟಿಗೆ ಹಾಕಿದ್ದನ್ನು ಕೇಳುವ ಕ್ರಮ ಇಲ್ಲ ಎಂದರು.

ಆಮೇಲೆ ಬೆಂಕಿಯಿಂದ ಕಣ್ಣು ತೆಗೆಯದೆ ಹೇಳಿದರು: “ನನಗೂ ಅನ್ನ ಇಳಿಯಲಿಲ್ಲ ಮಗಾ. ನೀನು ಆಫೀಸರಿಗೆ ಹೆದರಿದ್ದಿ. ನಾನು ಹೆದರಿದ್ದು ನಿನಗೆ. ನೀನೆಲ್ಲಿ ಬಾಯಿ ಬಿಡ್ತೀಯೋ, ನಿನ್ನ ಹೆಸರು ಎಲ್ಲಿ ಅವರ ಕಾಗದಕ್ಕೆ ಹೋಗ್ತದೋ ಅಂತ.”

ಮೂರು ತಿಂಗಳಿಗೆ ಸರಿಯಾಗಿ ಪರ್ಮಿಟ್ಟಿನ ಲೋಹ ಮತ್ತೆ ಬಂತು. ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು. ಅಪ್ಪನದು ಮುಗಿಯಲಿಲ್ಲ. ಅಂದಿನಿಂದ ಪೋಸ್ಟ್‌ಮ್ಯಾನ್ ಓಣಿಗೆ ಕಾಲಿಟ್ಟರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಹೋಗಿ ಕಾಗದವನ್ನು ತಾವೇ ಇಸಕೊಳ್ಳುತ್ತಿದ್ದರು. ಮನೆಯಲ್ಲಿ ಓದುವವಳು ನಾನಿದ್ದರೂ ಪಕ್ಕದ ಮನೆಯ ಮಾಸ್ಟ್ರ ಹತ್ತಿರ ಕೊಂಡುಹೋಗಿ ಓದಿಸುತ್ತಿದ್ದರು. ಅದರಲ್ಲಿ ನನ್ನ ಹೆಸರಿಲ್ಲವೆಂದು ಅವರು ಹೇಳಿದ ಮೇಲೆಯೇ ನನ್ನ ಕೈಗೆ ಕೊಡುತ್ತಿದ್ದರು. ನನ್ನ ಮದುವೆಯಾಗಿ ಬೆಳ್ತಂಗಡಿಗೆ ಹೋಗುವವರೆಗೂ, ಆರು ವರ್ಷ, ಒಂದು ಕಾಗದವೂ ನನ್ನ ಕೈಗೆ ನೇರ ಬರಲಿಲ್ಲ.